ಜೇನುಮೇಣ ಕರಗಿಸಲು ಯಾವ ಪಾತ್ರೆ ತಗೋಬೇಕು?

ಪ್ರಶ್ನೆ: ಸರ್, ನಮ್ಮದು ಹೊಳಲ್ಕೆರೆ ತಾಲ್ಲೂಕು. ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇವೆ. ಹಳೆ ಎರಿಗಳನ್ನೆಲ್ಲ ಕೂಡಿಟ್ಟು ಒಂದು ಕೆಜಿಯಷ್ಟು ಮೇಣ ಆಗಿದೆ. ಅದಕ್ಕೆ ಹರಳೆಣ್ಣೆ ಸೇರಿಸಿ ಗಾಡಿಯ ಅಚ್ಚಿಗೆ ಮತ್ತು ಎತ್ತಿನ ಚರ್ಮದ ಗೆಜ್ಜೆಪಟ್ಟಿಗೆ ಹಚ್ಚಲು ಗಟ್ಟಿ ಎಣ್ಣೆ ಮಾಡಬೇಕು ಅಂತಿದ್ದೇನೆ. ಅಮ್ಮನ ಹಿಮ್ಮಡಿ ಒಡಕಿಗೂ ಸ್ವಲ್ಪ ಬೇಕು. ಮನೆಯಲ್ಲಿ ಹಿತ್ತಾಳೆ ತಂಬಿಗೆ, ಕಬ್ಬಿಣದ ಬಾಣಲೆ, ಹಳೆಯ ಅಲ್ಯುಮಿನಿಯಂ ಪಾತ್ರೆ ಇವೆ. ಯಾವುದು ಆಗುತ್ತೆ? ಹೊಸದೇ ಬೇಕು ಅಂದರೆ ದಾವಣಗೆರೆಯಲ್ಲಿ ಏನಂತ ಕೇಳಲಿ?

ಉತ್ತರ: ಮೇಣ ಹಾಕಲು ಮೂರೂ ಬೇಡ. ತಂಬಿಗೆ ದೇವರ ಮನೆಯಲ್ಲೇ ಇರಲಿ, ಬಾಣಲೆ ಒಗ್ಗರಣೆಗೆ ಇರಲಿ. ಅಲ್ಯುಮಿನಿಯಂ ಪಾತ್ರೆಗೆ ಮಾತ್ರ ಇಲ್ಲಿ ಒಂದು ಕೆಲಸ ಇದೆ. ಅದು ಮೇಣದ ಕೆಲಸವಲ್ಲ, ನೀರಿನ ಕೆಲಸ. ನೀವು ಕೊಳ್ಳಬೇಕಾದ್ದು ಅದರೊಳಗೆ ಕೂರುವ ಒಂದು ಸ್ಟೀಲ್ ಪಾತ್ರೆ, ಅಷ್ಟೇ.

ಎಲ್ಲರೂ "ಯಾವ ಪಾತ್ರೆ ಒಳ್ಳೇದು" ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು, ಪಾತ್ರೆಗೂ ಉರಿಗೂ ನಡುವೆ ಏನಿದೆ ಅಂತ. ನಡುವೆ ನೀರಿದ್ದರೆ ಅಗ್ಗದ ಪಾತ್ರೆಯಲ್ಲೂ ಮೇಣ ಚೆನ್ನಾಗಿ ಕರಗುತ್ತದೆ. ನೀರಿಲ್ಲದೆ ನೇರವಾಗಿ ಒಲೆಯ ಮೇಲಿಟ್ಟರೆ ಎಷ್ಟು ದುಬಾರಿ ಪಾತ್ರೆಯಾದರೂ ಅಪಾಯ ತಪ್ಪುವುದಿಲ್ಲ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. 85 ದಾಟಿದರೆ ಬಣ್ಣ ಕಪ್ಪಾಗತೊಡಗುತ್ತದೆ, ಜೇನಿನ ಪರಿಮಳ ಹೋಗುತ್ತದೆ. ಇನ್ನೂ ಕಾಯಿಸುತ್ತಾ ಹೋದರೆ 200 ಡಿಗ್ರಿಯ ಆಚೆಗೆ ಅದರ ಆವಿಗೇ ಬೆಂಕಿ ಹತ್ತುತ್ತದೆ. ಮೇಣಕ್ಕೆ ಇನ್ನೊಂದು ಗುಣ ಇದೆ. ನೀರು ಕುದಿಯುವಾಗ ಗುಳ್ಳೆ ಬರುತ್ತೆ, ನಮಗೆ ಗೊತ್ತಾಗುತ್ತೆ. ಮೇಣ ಹಾಗಲ್ಲ. ಕರಗಿದ ಮೇಲೆ ಸುಮ್ನೆ ತಣ್ಣಗೆ ಕೂತಂತೆ ಕಾಣುತ್ತದೆ. 70 ಡಿಗ್ರಿ ಇದ್ದರೂ ಅದೇ ಮುಖ, 150 ಇದ್ದರೂ ಅದೇ ಮುಖ. ಹೊಗೆ ಏಳುವವರೆಗೆ ಸುಳಿವೇ ಕೊಡುವುದಿಲ್ಲ.

ಆದ್ದರಿಂದ ಆ ಲೆಕ್ಕ ನೋಡುವ ಕೆಲಸವನ್ನು ನೀರಿಗೆ ಬಿಡಬೇಕು. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಆಸುಪಾಸು. ಹಾಗಾಗಿ ನಮ್ಮ ಕಡೆ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಹೊರಪಾತ್ರೆಯಲ್ಲಿ ನೀರು ಇರುವ ತನಕ ಒಳಗಿನ ಮೇಣ ಅದನ್ನು ಮೀರಿ ಕಾಯುವುದಿಲ್ಲ. ನೀರು ಕುದಿಸಲೂ ಬೇಡ, ಸಣ್ಣ ಉರಿಯಲ್ಲಿ ಆವಿ ಆಡುತ್ತಿದ್ದರೆ ಸಾಕು. ಮೇಣ 70-75 ಡಿಗ್ರಿಯಲ್ಲಿ ನಿಲ್ಲುತ್ತದೆ. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಒಂದಿದ್ದರೆ ಒಳ್ಳೇದು. ಪಾತ್ರೆಗೆ ಜಾಸ್ತಿ ದುಡ್ಡು ಹಾಕುವ ಬದಲು ಅದಕ್ಕೆ ಹಾಕಿ ಅಂತ ನನ್ನ ಸಲಹೆ.

ಈಗ ನಿಮ್ಮ ಮನೆಯ ಪಾತ್ರೆಗಳು ಯಾಕೆ ಬೇಡ ಅಂತ ಹೇಳುತ್ತೇನೆ.

ಜೇನುಮೇಣದಲ್ಲಿ ಸ್ವಲ್ಪ ಹುಳಿಯ ಅಂಶ ಇರುತ್ತದೆ. ಅದು ಬಿಸಿಯಲ್ಲಿ ಲೋಹವನ್ನು ಕೆಣಕುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ತಾಮ್ರ, ಹಿತ್ತಾಳೆಯಲ್ಲಿ ಹಸಿರು ಛಾಯೆ ಬರುತ್ತದೆ. (ಒಂದು ಕಾಲಕ್ಕೆ ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲೇ ತಾಮ್ರದ ಅದಿರು ತೆಗೆಯುತ್ತಿದ್ದರು, ಆದರೂ ಮೇಣಕ್ಕೆ ತಾಮ್ರ ಆಗಿಬರುವುದಿಲ್ಲ.) ತಂಬಿಗೆಗೆ ಕಲಾಯಿ ಹಾಕಿಸಿದ್ದರೆ ಆಗುತ್ತಲ್ಲ ಅಂತ ನೀವು ಕೇಳಬಹುದು. ಕಲಾಯಿ ಗಟ್ಟಿಯಾಗಿರುವ ತನಕ ಆಗುತ್ತೆ. ಎಲ್ಲೋ ಒಂದು ಕಡೆ ಸವೆದಿದ್ದರೆ ಅಲ್ಲಿಂದ ಶುರುವಾಗುತ್ತದೆ. ಸತುವಿನ ಲೇಪ ಇರುವ ತಗಡಿನ ಬಕೆಟ್ಟೂ ಇದೇ ಕಾರಣಕ್ಕೆ ಬೇಡ. ಅಲ್ಯುಮಿನಿಯಂ, ಹಿಂಡಾಲಿಯಂ ಅಷ್ಟು ಕೆಟ್ಟದ್ದಲ್ಲ, ಆದರೆ ಮೇಣದ ಹಳದಿ ಮಂಕಾಗುತ್ತದೆ. ಅಚ್ಚಿಗೆ ಹಚ್ಚುವ ಎಣ್ಣೆಗೆ ಬಣ್ಣ ಏನಾದರೂ ಆಗಲಿ ಬಿಡಿ. ಅಮ್ಮನ ಕಾಲಿಗೆ ಹಚ್ಚುವುದಕ್ಕೆ ಹಾಗಲ್ಲ, ಅಲ್ವಾ?

ತಂಬಿಗೆಗೆ ಲೋಹಕ್ಕಿಂತ ದೊಡ್ಡ ತೊಡಕು ಅದರ ಕತ್ತು. ಸ್ಟೀಲ್ ತಂಬಿಗೆ ಆದರೂ ನಾನು ಬೇಡ ಅನ್ನುತ್ತೇನೆ. ಹೊಟ್ಟೆ ದೊಡ್ಡದು, ಕತ್ತು ಸಣ್ಣದು. ಒಳಗೆ ಮೇಣ ಗಟ್ಟಿಯಾದರೆ ಬಿಲ್ಲೆ ಹೊರಗೆ ಬರುವುದೇ ಇಲ್ಲ. ಮೇಣ ಆರುವಾಗ ಚೆನ್ನಾಗಿ ಕುಗ್ಗುತ್ತದೆ. ಗೋಡೆ ನೇರವಾಗಿದ್ದು ಬಾಯಿ ತುಸು ಅಗಲ ಇದ್ದರೆ ತಾನೇ ಗೋಡೆ ಬಿಡುತ್ತದೆ, ಬೋರಲು ಹಾಕಿ ತಟ್ಟಿದರೆ ಬೀಳುತ್ತದೆ. ಬಿಂದಿಗೆ, ಚೊಂಬು, ಕತ್ತಿರುವ ಯಾವುದೂ ಆಗದು.

ಮಣ್ಣಿನ ಮಡಕೆ ಮೇಣ ಹೀರುತ್ತದೆ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಕೆಲಸ ನಡೆಯುತ್ತದೆ, ಆದರೆ ಮೇಣ ಕೆರೆಯುವಾಗ ಲೇಪ ಕಿತ್ತು ಮೇಣದಲ್ಲೇ ಸೇರುತ್ತದೆ. ಹಳೆಯ ಪಿಂಗಾಣಿ ಲೇಪದ ಮಗ್ಗು ಮನೆಯಲ್ಲಿದ್ದರೆ, ಎಲ್ಲೂ ಲೇಪ ಎದ್ದಿಲ್ಲದಿದ್ದರೆ, ಅದು ಬಂಗಾರ. ಈಗ ಸಿಗುವುದು ಕಮ್ಮಿ.

ಹಾಗಾಗಿ ಸ್ಟೀಲು. ಮಂಡಿಪೇಟೆ ಕಡೆ ಹೋದರೆ ಪಾತ್ರೆ ಅಂಗಡಿಗೆ ಬರವಿಲ್ಲ. ಅಂಗಡಿಯವರು ಮೊದಲು ದಪ್ಪ ತಳದ, ಸ್ಯಾಂಡ್‌ವಿಚ್ ಬಾಟಮ್ ಪಾತ್ರೆ ತೋರಿಸುತ್ತಾರೆ. ಅದು ನಿಮಗೆ ದಂಡ. ನೀರೊಳಗೆ ಕೂರುವ ಪಾತ್ರೆಗೆ ತಳ ದಪ್ಪ ಇದ್ದರೇನು, ತೆಳು ಇದ್ದರೇನು? ಶಾಖ ಸುತ್ತಲಿಂದಲೂ ಬರುತ್ತದೆ. ತೆಳುವಾದ ಸಾದಾ ಸ್ಟೀಲು ಸಾಕು. ಕೆಲವರು ಅಯಸ್ಕಾಂತ ಹಿಡಿದು ಸ್ಟೀಲ್ ಪರೀಕ್ಷೆ ಮಾಡುತ್ತಾರೆ, ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ನೋಡಬೇಕಾದ್ದು ಬೇರೆ. ಬಾಯಿಯ ಅಂಚು ನೋಡಿ. ಅಗ್ಗದ ಪಾತ್ರೆಗಳಲ್ಲಿ ಅಂಚನ್ನು ಹೊರಕ್ಕೆ ಸುತ್ತಿ ಒಳಗೆ ಟೊಳ್ಳು ಬಿಟ್ಟಿರುತ್ತಾರೆ. ತೊಳೆದಾಗ ಅದರೊಳಗೆ ನೀರು ನಿಲ್ಲುತ್ತದೆ. ಬಿಸಿ ಮೇಣ ಬಗ್ಗಿಸುವಾಗ ಆ ನೀರು ಹೊರಬಂದರೆ ಚಟಪಟ ಸಿಡಿಯುತ್ತದೆ. ಅಂಚು ಪೂರ್ತಿ ಮುಚ್ಚಿರಬೇಕು, ಇಲ್ಲವೇ ಬಿಚ್ಚಿಕೊಂಡಿರಬೇಕು. ಆಮೇಲೆ ಹಿಡಿ. ಬರೀ ಅಂಟಿಸಿದಂತಿರುವ ಹಿಡಿ ಬೇಡ, ರಿವೆಟ್ ಹೊಡೆದದ್ದು ಕೇಳಿ. ಒಂದು ಲೀಟರ್ ಬಿಸಿ ಮೇಣ ಕೈಯಲ್ಲಿರುವಾಗ ಹಿಡಿ ಕಳಚಿದರೆ ಏನಾಗುತ್ತೆ ಅಂತ ವಿವರಿಸಬೇಕಿಲ್ಲ. ಸುರಿಯಲು ಸಣ್ಣ ಮೂತಿ ಇದ್ದರೆ ಇನ್ನೂ ಒಳ್ಳೇದು. ಹೋಟೆಲಿನಲ್ಲಿ ನೀರು ತಂದಿಡುವ ನೇರ ಗೋಡೆಯ ಸ್ಟೀಲ್ ಜಗ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಅಳತೆ? ಕಾಲು ಕೆಜಿ ಮೇಣ, ಮುಕ್ಕಾಲು ಕೆಜಿ ಎಣ್ಣೆ ಸೇರಿದರೆ ಒಂದು ಲೀಟರಿಗಿಂತ ತುಸು ಜಾಸ್ತಿ ಆಗುತ್ತದೆ. ಪಾತ್ರೆ ಮುಕ್ಕಾಲು ದಾಟಿ ತುಂಬಬಾರದು. ಎರಡು ಲೀಟರಿನದು ತಗೊಳ್ಳಿ. ನಿಮ್ಮ ಒಂದು ಕೆಜಿ ಮೇಣವನ್ನು ಒಂದೇ ಸಲಕ್ಕೆ ಕರಗಿಸುವ ಹಟ ಬೇಡ, ಸ್ವಲ್ಪ ಸ್ವಲ್ಪವಾಗಿ ಮಾಡಿ.

ಇನ್ನೊಂದು ದಾರಿ ಇದೆ, ಸುಮಾರು ಜನಕ್ಕೆ ಹೊಳೆಯುವುದಿಲ್ಲ. ಮಿಲ್ಕ್ ಕುಕ್ಕರ್. ಹಾಲು ಉಕ್ಕದಿರಲಿ ಅಂತ ತರುತ್ತೇವಲ್ಲ, ಎರಡು ಗೋಡೆಯ ಪಾತ್ರೆ, ನಡುವೆ ನೀರು ಹಾಕಿ ವಿಷಲ್ ಸಿಕ್ಕಿಸುವುದು. ಮೇಣಕ್ಕೆ ಬೇಕಾದ್ದು ಅದೇ. ನೀರು ಕುದಿದರೆ ಕೂಗಿ ಹೇಳುತ್ತದೆ, ನೀವು ಉರಿ ಇಳಿಸಬಹುದು. ಎಷ್ಟೋ ಮನೆಗಳ ಅಟ್ಟದ ಮೇಲೆ ಒಂದು ಬಿದ್ದಿರುತ್ತದೆ. ಒಳಗೋಡೆ ಸ್ಟೀಲ್ ಇದ್ದರೆ ಇಳಿಸಿಕೊಳ್ಳಿ. ಆದರೆ ಎರಡು ಎಚ್ಚರಿಕೆ. ಅದರಲ್ಲಿ ಹಿಡಿಯುವ ನೀರು ಕಮ್ಮಿ. ಅದು ಆರಿಹೋದರೆ ವಿಷಲ್ ಕೂಗುವುದಿಲ್ಲ, ಆ ಮೌನವನ್ನು ಎಲ್ಲ ಸರಿಯಿದೆ ಅಂತ ತಿಳಿಯಬೇಡಿ. ಎರಡನೆಯದು, ಮೇಣ ಬಗ್ಗಿಸುವಾಗ ನೀರಿನ ತೂತಿನಿಂದ ಬಿಸಿನೀರೂ ಸುರಿಯಬಹುದು. ಅದಕ್ಕೇ ಮಿಲ್ಕ್ ಕುಕ್ಕರಿನಿಂದ ಬಗ್ಗಿಸಬೇಡಿ, ಒಣಗಿದ ಸ್ಟೀಲ್ ಸೌಟಿನಲ್ಲಿ ತೋಡಿ.

ರೈಸ್ ಕುಕ್ಕರ್ ಬಗ್ಗೆಯೂ ಕೇಳುತ್ತಾರೆ. ಅದರೊಳಗೆ ನೇರವಾಗಿ ಮೇಣ ಹಾಕಬಾರದು. ನೀರು ಪೂರ್ತಿ ಆವಿಯಾಗಿ ತಳದ ಬಿಸಿ ನೂರು ದಾಟಿದಾಗ ಸ್ವಿಚ್ ಹಾರುವಂತೆ ಅದನ್ನು ಮಾಡಿರುತ್ತಾರೆ. ಅಂದರೆ ಮೇಣಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಮೇಲೆ. ಅದರಲ್ಲಿ ನೀರು ಹಾಕಿ, ನೀರೊಳಗೆ ಸ್ಟೀಲ್ ಪಾತ್ರೆ ಇಡಿ, ಆಗ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಂಕಿ ಇಲ್ಲದಿರುವುದು ದೊಡ್ಡ ಲಾಭ. ಇಂಡಕ್ಷನ್ ಒಲೆಯೂ ಹೀಗೇ, ನೀರಿನ ಪಾತ್ರೆ ನಡುವೆ ಇರಲೇಬೇಕು. ಸೌದೆ ಒಲೆ ಮಾತ್ರ ಬೇಡವೇ ಬೇಡ. ನಾಲಗೆ ಚಾಚಿದ ಉರಿ ಪಾತ್ರೆಯ ಬಾಯಿವರೆಗೂ ಏರುತ್ತದೆ.

ಜೋಡಿಸುವ ಬಗೆ ಹೀಗೆ. ನಿಮ್ಮ ಅಲ್ಯುಮಿನಿಯಂ ಪಾತ್ರೆಯ ತಳಕ್ಕೆ ಒಂದು ಸ್ಟೀಲ್ ಮುಚ್ಚಳ ಬೋರಲು ಹಾಕಿ, ಇಲ್ಲವೇ ಬಟ್ಟೆಯ ಸಿಂಬಿ ಮಾಡಿ ಇಡಿ. ಒಳಪಾತ್ರೆ ತಳಕ್ಕೆ ತಾಗಬಾರದು. ನೀರನ್ನು ಒಳಗಿನ ಮೇಣದ ಮಟ್ಟದವರೆಗೆ ಹಾಕಿದರೆ ಸಾಕು. ಜಾಸ್ತಿ ಹಾಕಿದರೆ ಒಂದು ತಮಾಷೆ ನಡೆಯುತ್ತದೆ. ಮೇಣ ನೀರಿಗಿಂತ ಹಗುರ, ಪಾತ್ರೆಯೂ ತೆಳು. ಮೇಣ ಕಮ್ಮಿ ಇದ್ದರೆ ಇಡೀ ಪಾತ್ರೆ ತೇಲಿ ಒಂದು ಕಡೆ ವಾಲುತ್ತದೆ. ಕಂಠ ಹೊರಪಾತ್ರೆಯ ಅಂಚಿಗೆ ಕೂರುವಂಥ ಪಾತ್ರೆ ಸಿಕ್ಕರೆ ಈ ಕಾಟ ಇಲ್ಲ, ಆದರೆ ಆವಿ ಹೋಗಲು ಒಂದು ಸಂದಿ ಬಿಟ್ಟಿರಬೇಕು.

ಮೇಣವನ್ನು ಸಣ್ಣ ಚೂರು ಮಾಡಿ ಹಾಕಿ. ಇಡೀ ಗಡ್ಡೆ ಹಾಕಬೇಡಿ. ಹಿಂದಿನ ಸಲ ಉಳಿದು ಪಾತ್ರೆಯಲ್ಲೇ ಗಟ್ಟಿಯಾದ ಮೇಣವನ್ನು ನೇರ ಉರಿಯಲ್ಲಿ ಕಾಯಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ತಳ ಮೊದಲು ಕರಗುತ್ತದೆ, ಮೇಲೆ ಗಟ್ಟಿ ಮುಚ್ಚಳ ಹಾಗೇ ಇರುತ್ತದೆ. ಕರಗಿದ್ದು ಹಿಗ್ಗಿ, ದಾರಿ ಸಿಗದೆ, ಮುಚ್ಚಳ ಒಡೆದು ಮೇಲಕ್ಕೆ ಚಿಮ್ಮುತ್ತದೆ. ನೀರಿನೊಳಗೆ ಇಟ್ಟರೆ ಸುತ್ತಲೂ ಕರಗುವುದರಿಂದ ದಾರಿ ಇರುತ್ತದೆ. ಆದರೂ ಮೇಣ ಆರುವ ಮುಂಚೆ ಒಂದು ಸ್ಟೀಲ್ ಚಮಚ ನಡುವೆ ನಿಲ್ಲಿಸಿಬಿಡಿ. ಮುಂದಿನ ಸಲ ಬಿಸಿ ಮಾಡಿದಾಗ ಆ ಚಮಚದ ಸುತ್ತ ಮೊದಲು ಕರಗಿ ಬಾಯಿ ತೆರೆದುಕೊಳ್ಳುತ್ತದೆ.

ನೀವು ಕೂಡಿಟ್ಟದ್ದು ಸೋಸಿದ ಮೇಣವೋ, ಬರೀ ಎರಿ ಹಿಂಡಿದ ಉಂಡೆಯೋ ಬರೆದಿಲ್ಲ. ಹಿಂಡಿದ್ದಾದರೆ ಮೊದಲು ನೀರಲ್ಲಿ ಕರಗಿಸಿ, ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ, ಆರಲು ಬಿಟ್ಟು ಬಿಲ್ಲೆ ತೆಗೆಯಬೇಕು. ಅಡಿಯಲ್ಲಿ ಅಂಟಿದ ಕಸ ಕೆರೆದು ಹಾಕಿ. ಈ ಹಂತದಲ್ಲಿ ನೀರು ಯಾವುದು ಅನ್ನುವುದು ಮುಖ್ಯ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರ ಸುಣ್ಣದ ಅಂಶ ಮೇಣದ ಹುಳಿಯ ಜೊತೆ ಸೇರಿ ಸಾಬೂನಿನಂಥ ಬೂದು ನೊರೆ ಮಾಡುತ್ತದೆ, ಮೇಣ ನೀರಿಂದ ಬೇರೆಯಾಗುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ನೀರಿಗೆ ಒಂದಿಷ್ಟು ನಿಂಬೆರಸ ಹಿಂಡಿ. ಹೊರಪಾತ್ರೆಗೆ ಮಾತ್ರ ಬೋರಿನ ನೀರೇ ಆಗಬಹುದು, ಬಿಳಿ ಗಾರೆ ಕಟ್ಟುತ್ತದೆ, ಅಷ್ಟೇ. ಸೋಸಿದ ಬಿಲ್ಲೆ ಚೆನ್ನಾಗಿ ಒಣಗಿದ ಮೇಲೆಯೇ ಎಣ್ಣೆ ಬೆರೆಸಲು ಕರಗಿಸಿ.

ಈ ಕೆಲಸ ಕತ್ತಲಾದ ಮೇಲೆ ಮಾಡಿ, ಇಲ್ಲ ಬಾಗಿಲು ಕಿಟಕಿ ಹಾಕಿಕೊಳ್ಳಿ. ಹಗಲಲ್ಲಿ ವಾಸನೆಗೆ ನಿಮ್ಮ ಹುಳಗಳೇ ಹುಡುಕಿಕೊಂಡು ಬಂದು ಪಾತ್ರೆಗೆ ಬೀಳುತ್ತವೆ.

ಎಣ್ಣೆಯ ಲೆಕ್ಕ ನೀವು ಕೇಳಿಲ್ಲ, ಆದರೂ ಪಾತ್ರೆಯ ಅಳತೆ ಅದರ ಮೇಲೆ ನಿಂತಿರುವುದರಿಂದ ಹೇಳುತ್ತೇನೆ. ಗಾಡಿ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಮೇಣ ಸೇರಿಸಿದರೆ ಬಿಸಿಲಿಗೆ ಸೋರಿಹೋಗದೆ ಅಂಟಿ ನಿಲ್ಲುತ್ತದೆ. ತೂಕದಲ್ಲಿ ಒಂದು ಪಾಲು ಮೇಣಕ್ಕೆ ಮೂರು ಪಾಲು ಹರಳೆಣ್ಣೆ. ಇದು ಹಳೆಯ ಕಬ್ಬಿಣದ ಅಚ್ಚಿನ ಗಾಡಿಗೆ ಮಾತ್ರ. ಟೈರ್ ಹಾಕಿ ಬೇರಿಂಗ್ ಕೂರಿಸಿದ ಗಾಡಿಗೆ ಅಂಗಡಿಯ ಗ್ರೀಸೇ ಸರಿ. ಗೆಜ್ಜೆಪಟ್ಟಿಗೆ ಒಂದಕ್ಕೆ ಎರಡು. ಹಿಮ್ಮಡಿಗೆ ಒಂದಕ್ಕೆ ನಾಲ್ಕು, ಆರಿದಾಗ ಬೆಣ್ಣೆಯಂತೆ ಬೆರಳಿಗೆ ಬರಬೇಕು. ಬೇಸಿಗೆಯಲ್ಲಿ ಮಾಡಿದರೆ ಮೇಣ ಸ್ವಲ್ಪ ಜಾಸ್ತಿ ಹಾಕಿ. ತಣ್ಣನೆಯ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಲ್ಲಿ ತಿಕ್ಕಿ ನೋಡಿ, ಹದ ತಿಳಿಯುತ್ತದೆ. ಎಣ್ಣೆಯನ್ನೂ ಬೆಚ್ಚಗೆ ಮಾಡಿಯೇ ಸುರಿಯಿರಿ, ತಣ್ಣಗಿದ್ದರೆ ಮೇಣ ಗಂಟು ಕಟ್ಟುತ್ತದೆ. ಮಧುಮೇಹ ಇರುವವರ ಹಿಮ್ಮಡಿ ಒಡಕು ಆಳವಾಗಿದ್ದರೆ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ.

ಹರಳೆಣ್ಣೆ ಬದಲು ಚಳ್ಳಕೆರೆಯ ಕಡ್ಲೆಕಾಯಿ ಎಣ್ಣೆ ಹಾಕಬಹುದೇ ಅಂದರೆ, ಊಟಕ್ಕೆ ಅದರಂಥದ್ದಿಲ್ಲ, ಚರ್ಮದ ಪಟ್ಟಿಗೆ ಬೇಡ. ಕೆಲವು ತಿಂಗಳಲ್ಲಿ ಕಮಟು ವಾಸನೆ ಹೊಡೆಯುತ್ತದೆ. ಮೇಣ ಕಮ್ಮಿ ಬಿತ್ತು ಅಂತ ಅಂಗಡಿಯ ಮೇಣದಬತ್ತಿ ಕರಗಿಸಿ ಸೇರಿಸಬೇಡಿ. ಅದು ಪ್ಯಾರಾಫಿನ್, ಹರಳೆಣ್ಣೆಗೂ ಅದಕ್ಕೂ ಕೂಡಿಬರುವುದಿಲ್ಲ, ಆರಿದಾಗ ಬೇರೆ ಬೇರೆ ನಿಲ್ಲುತ್ತವೆ. ನೊಗಕ್ಕೂ ಹಚ್ಚೋಣ ಅಂತ ಟರ್ಪಂಟೈನ್ ಬೆರೆಸುವ ಆಸೆ ಬಂದರೆ ಒಲೆ ಪೂರ್ತಿ ಆರಿಸಿ, ಪಾತ್ರೆ ಅಂಗಳಕ್ಕೆ ತಂದು ಬೆರೆಸಬೇಕು. ಅದರ ಆವಿಗೆ ಬೆಂಕಿ ಹತ್ತಲು ನಮ್ಮ ಏಪ್ರಿಲ್ ಬಿಸಿಲಿನಷ್ಟು ಶಾಖ ಇದ್ದರೂ ಸಾಕು, ಒಂದು ಕಿಡಿ ಸಿಕ್ಕರೆ ಆಯಿತು. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಗಲು ಹಾಕಿ.

ಮೇಣ, ಕೊಬ್ಬು ಬೆರೆಸಿ ಜಾರುವಂತೆ ಮಾಡುವುದು ಹೊಸದೇನಲ್ಲ. 1857ರಲ್ಲಿ ಗಲಾಟೆ ಎದ್ದ ಎನ್‌ಫೀಲ್ಡ್ ಬಂದೂಕಿನ ತೋಟಾಗೆ ಬಳಿಯುತ್ತಿದ್ದದ್ದೂ ಇಂಥದ್ದೇ. ಅದರಲ್ಲಿ ದನದ, ಹಂದಿಯ ಕೊಬ್ಬಿದೆ ಅಂತ ಸಿಪಾಯಿಗಳಲ್ಲಿ ಸುದ್ದಿ ಹಬ್ಬಿತು. ನಿಮಗೆ ಬೇಕಾದ್ದನ್ನು ನೀವೇ ಬಳಿದುಕೊಳ್ಳಿ ಅಂತ ಕಂಪನಿ ಸರ್ಕಾರ ಹೇಳುವಷ್ಟರಲ್ಲಿ ನಂಬಿಕೆ ಹೋಗಿತ್ತು. ಇರಲಿ, ನಮ್ಮ ವಿಷಯಕ್ಕೆ ಬರೋಣ.

ಬೆಂಕಿ ಹತ್ತಿದರೆ ಏನು ಮಾಡಬೇಕು ಅನ್ನುವುದು ಒಲೆ ಹಚ್ಚುವ ಮುಂಚೆಯೇ ಗೊತ್ತಿರಬೇಕು. ಪಾತ್ರೆಗೆ ಸರಿಯಾಗಿ ಕೂರುವ ಸ್ಟೀಲ್ ಮುಚ್ಚಳ ಪಕ್ಕದಲ್ಲೇ ಇರಲಿ. ಅದಕ್ಕೇ ಪಾತ್ರೆ ಕೊಳ್ಳುವಾಗ ಮುಚ್ಚಳ ಜೊತೆಗೇ ಕೊಳ್ಳಿ ಅನ್ನುವುದು. ಗ್ಯಾಸ್ ಆರಿಸಿ, ಮುಚ್ಚಳ ಹಾಕಿ, ಪೂರ್ತಿ ಆರುವ ತನಕ ತೆಗೆಯಬೇಡಿ. ನೀರು ಹಾಕಲೇಬಾರದು. ನೀರು ತಳಕ್ಕಿಳಿದು ಒಮ್ಮೆಗೇ ಆವಿಯಾಗಿ, ಉರಿಯುವ ಮೇಣವನ್ನು ಮನೆ ತುಂಬ ಎರಚುತ್ತದೆ. ಉರಿಯುವ ಪಾತ್ರೆ ಎತ್ತಿಕೊಂಡು ಹೊರಗೆ ಓಡುವುದೂ ಬೇಡ. ಕೈಗೆ ಬಿಸಿ ಮೇಣ ಬಿದ್ದರೆ ಕೀಳಬೇಡಿ, ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಸುಟ್ಟ ಜಾಗ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಿ.

ಕೆಲಸ ಮುಗಿದ ಮೇಲೆ ಪಾತ್ರೆ ಬಿಸಿ ಇರುವಾಗಲೇ ಹಳೆ ಪೇಪರಿನಿಂದ ಒರೆಸಿ. ಆ ಪೇಪರನ್ನು ಇಟ್ಟುಕೊಳ್ಳಿ, ನೀರೊಲೆ ಹಚ್ಚಲು ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಸಿಂಕಿನಲ್ಲಿ ಬಿಸಿನೀರು ಬಿಟ್ಟು ತೊಳೆಯಬಾರದು. ಪೈಪಿನೊಳಗೆ ಹೋಗಿ ತಣ್ಣಗಾದರೆ ಮೇಣ ಅಲ್ಲೇ ಗಡ್ಡೆ ಕಟ್ಟುತ್ತದೆ. ಪಾತ್ರೆ ಫಳಫಳ ಹೊಳೆಯಬೇಕು ಅಂತಲೂ ಇಲ್ಲ, ಅದು ಮತ್ತೆ ಅಡುಗೆಮನೆಗೆ ಹೋಗುವುದಿಲ್ಲವಲ್ಲ. ಅಂಗಡಿಯಲ್ಲಿ ಪಾತ್ರೆ ಮೇಲೆ ಹೆಸರು ಕೊರೆದುಕೊಡುತ್ತಾರೆ. ಮಾವನ ಹೆಸರೋ ಮದುವೆ ತಾರೀಕೋ ಬೇಡ, "ಮೇಣ" ಅಂತ ದೊಡ್ಡದಾಗಿ ಕೊರೆಸಿ. ಅವಸರದಲ್ಲಿ ಯಾರೂ ಅದರಲ್ಲಿ ಹಾಲು ಕಾಯಿಸುವುದಿಲ್ಲ.

ಕೊನೆಗೆ, ಅಮ್ಮನ ಹಿಮ್ಮಡಿಯದನ್ನೂ ಗಾಡಿಯದನ್ನೂ ಒಂದೇ ಪಾತ್ರೆಯಲ್ಲಿ ಮಾಡಬಹುದೇ? ಹಿಮ್ಮಡಿಯದನ್ನು ಮೊದಲು ಮಾಡಿ ಡಬ್ಬಿಗೆ ತುಂಬಿದ ಮೇಲೆ ಗಾಡಿಯದನ್ನು ಮಾಡುವುದಾದರೆ ಒಂದೇ ಸಾಕು. ಟರ್ಪಂಟೈನ್ ಅಥವಾ ಎಂಜಿನ್ ಆಯಿಲ್ ಒಮ್ಮೆ ಮುಟ್ಟಿದ ಪಾತ್ರೆಯಲ್ಲಿ ಮಾತ್ರ ಮೈಗೆ ಹಚ್ಚುವುದನ್ನು ಮತ್ತೆ ಮಾಡಬೇಡಿ, ಅದಕ್ಕೆ ಇನ್ನೊಂದು ಸಣ್ಣ ಜಗ್ ತಂದುಬಿಡಿ.